ನಕ್ಷೆಯಲ್ಲಿ ಹಸಿರು ಹೆಚ್ಚಿದೆ, ಸಮುದ್ರದಲ್ಲಿ ಹೆಚ್ಚಿದ್ದೇನು?

ತೀರದಿಂದ ಬಹುದೂರದ ತಿಳಿ ನೀಲಿ ಸಮುದ್ರದ ಒಂದು ಲೀಟರ್ ನೀರನ್ನು ಬಿಳಿ ಫಿಲ್ಟರ್ ಕಾಗದದಲ್ಲಿ ಸೋಸಿ ನೋಡಿ. ಉಳಿಯುವುದು ತೀರಾ ಮಸುಕಾದ ಒಂದು ಕಲೆ. ಪಕ್ಕದಲ್ಲಿ ಹೊಸ ಕಾಗದ ಇಟ್ಟು ಹೋಲಿಸಿದರಷ್ಟೇ ಕಣ್ಣಿಗೆ ಬೀಳುತ್ತದೆ. ಇಷ್ಟು ಸಣ್ಣ ಬಣ್ಣವನ್ನು ಸುಮಾರು 700 ಕಿ.ಮೀ. ಎತ್ತರದಿಂದ ಉಪಗ್ರಹ ಗುರುತಿಸುತ್ತದೆ. ನನಗೆ ಇವತ್ತಿಗೂ ಇದು ಬೆರಗೇ.

ಆ ಕಲೆ ಫೈಟೊಪ್ಲಾಂಕ್ಟನ್, ಅಂದರೆ ನೀರಲ್ಲಿ ತೇಲುವ ಸೂಕ್ಷ್ಮ ಸಸ್ಯಗಳದ್ದು. ಭೂಮಿಯ ಒಟ್ಟು ದ್ಯುತಿಸಂಶ್ಲೇಷಣೆಯಲ್ಲಿ ಸುಮಾರು ಅರ್ಧ ಇವುಗಳ ಪಾಲು. ಇವುಗಳ ಒಳಗಿನ ಹಸಿರು ಬಣ್ಣದ ವಸ್ತು ಕ್ಲೋರೊಫಿಲ್ ನೀಲಿ ಬೆಳಕನ್ನು ಹೀರುತ್ತದೆ, ಹಸಿರನ್ನು ಹೆಚ್ಚಾಗಿ ಬಿಟ್ಟುಬಿಡುತ್ತದೆ. ನೀರಿನಿಂದ ಹೊರಬರುವ ನೀಲಿಗೂ ಹಸಿರಿಗೂ ಇರುವ ಅನುಪಾತ ನೋಡಿ ಕ್ಲೋರೊಫಿಲ್ ಎಷ್ಟಿದೆ ಎಂದು ಅಂದಾಜು ಮಾಡಿ ನಕ್ಷೆ ಬರೆಯುತ್ತೇವೆ. ಕ್ಲೋರೊಫಿಲ್ ಹೆಚ್ಚಿದ ಕಡೆ ನಕ್ಷೆ ಹಸಿರು.

ತೊಡಕು ಎಲ್ಲಿದೆ ಅಂದರೆ, ಉಪಗ್ರಹಕ್ಕೆ ತಲುಪುವ ಬೆಳಕಿನಲ್ಲಿ ಸುಮಾರು ಶೇ 90 ಭಾಗ ಗಾಳಿಯಲ್ಲೇ ಚದುರಿ ಬಂದದ್ದು. ಅದನ್ನು ಕಳೆದ ಮೇಲೆ ಉಳಿಯುವ ಚೂರೇ ಸಮುದ್ರದ ಮಾತು. ಹಾಗಾಗಿ ಸೆನ್ಸರ್ ಸ್ವಲ್ಪ ಮಂಕಾದರೂ ಲೆಕ್ಕ ಜಾಸ್ತಿ ತಪ್ಪುತ್ತದೆ. 1997ರಲ್ಲಿ ಹಾರಿದ, ಸಮುದ್ರದ ಬಣ್ಣ ಅಳೆಯುವ ಸೀವಿಫ್ಸ್ ಸೆನ್ಸರನ್ನು ಇದಕ್ಕೆಂದೇ ತಿಂಗಳಿಗೊಮ್ಮೆ ಚಂದ್ರನ ಕಡೆ ತಿರುಗಿಸುತ್ತಿದ್ದರು. ಚಂದ್ರನ ಮೇಲ್ಮೈ ಬದಲಾಗುವುದಿಲ್ಲ ಅಲ್ವಾ? ಅಲ್ಲಿ ವ್ಯತ್ಯಾಸ ಕಂಡರೆ ಅದು ಸೆನ್ಸರಿನದ್ದೇ.

ಸೀವಿಫ್ಸ್ ಕೆಲಸ ಶುರು ಮಾಡಿದಾಗ ದೊಡ್ಡ ಎಲ್ ನಿನೊ ನಡೆಯುತ್ತಿತ್ತು. ಪೆಸಿಫಿಕ್‌ನ ಸಮಭಾಜಕದ ಉದ್ದಕ್ಕೂ ಗಾಳಿ ಸೋತು, ಆಳದಿಂದ ಪೋಷಕಾಂಶ ಹೊತ್ತು ಮೇಲೇಳುವ ತಣ್ಣೀರು ನಿಂತಿತ್ತು. ಕ್ಲೋರೊಫಿಲ್ ತೀರಾ ಇಳಿದಿತ್ತು. 1998ರ ಮಧ್ಯದಲ್ಲಿ ಗಾಳಿ ಮರಳಿತು, ಅದೇ ಜಾಗದಲ್ಲಿ ಹಸಿರು ಉಕ್ಕಿತು. ಇಲ್ಲಿ ಸಮುದ್ರವೇ ಬದಲಾಗಿತ್ತು, ಅನುಮಾನವಿಲ್ಲ.

ಎಲ್ಲ ಕಡೆ ಹೀಗಿರುವುದಿಲ್ಲ. ದಕ್ಷಿಣ ಪೆಸಿಫಿಕ್‌ನ ನಡುವಿನ ತಿಳಿನೀರು ನೋಡಿ. ಪ್ರತಿ ಚಳಿಗಾಲ ಅಲ್ಲಿ ಕ್ಲೋರೊಫಿಲ್ ಏರುತ್ತದೆ. ಹೊಸಬರು ತಕ್ಷಣ "ಸಸ್ಯಗಳು ಹೆಚ್ಚಿವೆ" ಎಂದು ಬರೆದುಬಿಡುತ್ತಾರೆ. ಆದರೆ ಚಳಿಗಾಲದಲ್ಲಿ ಬಿಸಿಲು ಕಮ್ಮಿ, ಮೇಲಿನ ನೀರು ಆಳದವರೆಗೆ ಕಲಸಿಹೋಗುತ್ತದೆ. ಸಿಕ್ಕಷ್ಟು ಬೆಳಕನ್ನು ಹಿಡಿಯಲು ಪ್ರತಿ ಕೋಶವೂ ತನ್ನೊಳಗೆ ಹೆಚ್ಚು ಕ್ಲೋರೊಫಿಲ್ ತುಂಬಿಕೊಳ್ಳುತ್ತದೆ. ಕೋಶಗಳ ಸಂಖ್ಯೆ ಅಷ್ಟೇ ಇದ್ದರೂ ನಕ್ಷೆ ಹಸಿರಾಗುತ್ತದೆ. ಅದಕ್ಕೇ ನಾನು ನೀರಲ್ಲಿ ತೇಲುವ ಕಣಗಳಿಂದ ಹಿಂದಕ್ಕೆ ಚದುರಿದ ಬೆಳಕನ್ನೂ ಪಕ್ಕದಲ್ಲಿಟ್ಟು ನೋಡುತ್ತೇನೆ. ಕ್ಲೋರೊಫಿಲ್ ಏರಿ ಅದು ಏರದಿದ್ದರೆ, ಬದಲಾದದ್ದು ಕೋಶಗಳ ಒಳಗೇ ಇರಬೇಕು.

ನದಿ ಮುಖಗಳಲ್ಲಿ ಮೋಸ ಬೇರೆ ಥರ. ಅಮೆಜಾನ್ ನದಿ ಕೊಳೆತ ಎಲೆಗಳಿಂದ ಕರಗಿದ ಕಂದು ಬಣ್ಣವನ್ನು ಸಮುದ್ರಕ್ಕೆ ತರುತ್ತದೆ. ಅದೂ ನೀಲಿಯನ್ನೇ ಹೀರುತ್ತದೆ. ಸುಮ್ನೆ ಅನುಪಾತ ನಂಬಿದರೆ ಇಲ್ಲದ ಕ್ಲೋರೊಫಿಲ್ ಕಾಣುತ್ತದೆ.

ಇನ್ನು ದೀರ್ಘಕಾಲದ ಬದಲಾವಣೆ. ಅಕ್ವಾ ಉಪಗ್ರಹದ ಮೋಡಿಸ್ ಸೆನ್ಸರಿನ 20 ವರ್ಷಗಳ ದಾಖಲೆ ಆಧರಿಸಿ 2023ರಲ್ಲಿ ಪ್ರಕಟವಾದ ಅಧ್ಯಯನವೊಂದು, ಜಗತ್ತಿನ ಅರ್ಧಕ್ಕಿಂತ ಹೆಚ್ಚು ಸಮುದ್ರದ ಬಣ್ಣ ಬದಲಾಗಿದೆ ಎಂದಿತು. ಗಮನಿಸಿ, ಬರೀ ಕ್ಲೋರೊಫಿಲ್ ನೋಡಿದ್ದರೆ ಇದು ಇಷ್ಟು ಸ್ಪಷ್ಟವಾಗಿ ಸಿಗುತ್ತಿರಲಿಲ್ಲ. ಎಲ್ಲ ಬಣ್ಣಗಳನ್ನೂ ಒಟ್ಟಿಗೆ ನೋಡಿದ್ದರಿಂದ ಸಿಕ್ಕಿತು. 2024ರ ಫೆಬ್ರುವರಿಯಲ್ಲಿ ಹಾರಿದ ಪೇಸ್ ಉಪಗ್ರಹ ಬೆರಳೆಣಿಕೆಯ ಬಣ್ಣಗಳ ಬದಲು ನೇರಳಾತೀತದಿಂದ ಅವಗೆಂಪಿನ ತನಕ ಹೆಚ್ಚುಕಮ್ಮಿ ಬಿಡುವಿಲ್ಲದೆ ಅಳೆಯುತ್ತದೆ. ಯಾವ ಬಗೆಯ ಫೈಟೊಪ್ಲಾಂಕ್ಟನ್ ಎಂದು ಹೇಳಲು ಇದರಿಂದ ದಾರಿ ಸಿಗುತ್ತಿದೆ, ನನಗೆ ತುಂಬಾ ಖುಷಿಯ ವಿಷಯ.

ಯಾರಾದರೂ ತಿಂಗಳ ಸರಾಸರಿ ನಕ್ಷೆ ತಂದರೆ ನಾನು ಮೊದಲು ಬಣ್ಣ ನೋಡುವುದಿಲ್ಲ. ಪ್ರತಿ ಪಿಕ್ಸೆಲಿಗೆ ಎಷ್ಟು ದಿನ ಮೋಡವಿಲ್ಲದ ಅಳತೆ ಸಿಕ್ಕಿದೆ ಎಂದು ಕೇಳುತ್ತೇನೆ. ಎಷ್ಟೋ ಸಲ, ಹಸಿರು ಉಕ್ಕಿದಂತೆ ಕಂಡ ಜಾಗದಲ್ಲಿ ಇಡೀ ತಿಂಗಳಿಗೆ ಸಿಕ್ಕಿರುವುದು ಎರಡೇ ದಿನ.