ಕೊಳೆಗೇರಿಯ ಹಿಂದಿ ಚಿತ್ರಗಳು ಮತ್ತು ನೆಲದ ಪ್ರಶ್ನೆ

ಮುಂಬಯಿಯ ಕೊಳೆಗೇರಿಯನ್ನು ಕುರಿತ ಹಿಂದಿ ಚಿತ್ರವೊಂದು ಬೆಂಗಳೂರಿನಲ್ಲಿ ತೆರೆಕಂಡಾಗಲೆಲ್ಲ, ಬಡತನವನ್ನು ತೋರಿಸಿದರೋ ಮಾರಿಕೊಂಡರೋ ಎಂಬ ವಾದ ಹೊಸದಾಗಿ ಶುರುವಾಗುತ್ತದೆ. ವಾದವೇನೋ ಹಳೆಯದು. ಸತ್ಯಜಿತ್ ರಾಯ್ ಅವರ ಚಿತ್ರಗಳು ದೇಶದ ಬಡತನವನ್ನು ಹೊರಗೆ ರಫ್ತು ಮಾಡುತ್ತಿವೆ ಎಂದು ನಟಿ ನರ್ಗಿಸ್ ರಾಜ್ಯಸಭೆಯಲ್ಲಿ ಆಕ್ಷೇಪಿಸಿದ್ದು 1980ರಲ್ಲಿ; 2009ರಲ್ಲಿ ‘ಸ್ಲಂಡಾಗ್ ಮಿಲಿಯನೇರ್’ ಎಂಟು ಆಸ್ಕರ್ ಪಡೆದಾಗಲೂ ಅದೇ ಮಾತು ಕೇಳಿಬಂತು. ಈ ಗದ್ದಲದಲ್ಲಿ ಮರೆಯಾಗುವ ಪ್ರಶ್ನೆ ಬೇರೆಯೇ ಇದೆ: ಆ ಜನ ಗುಡಿಸಲು ಹಾಕಿಕೊಂಡ ನೆಲ ಯಾರದು, ಅವರನ್ನು ಅಲ್ಲಿಂದ ಎಬ್ಬಿಸುವ ಹಕ್ಕು ಯಾರಿಗಿದೆ?

ಆರಂಭದ ಚಿತ್ರಗಳು ಈ ಪ್ರಶ್ನೆಯಿಂದ ತಪ್ಪಿಸಿಕೊಂಡಿರಲಿಲ್ಲ. ಮೊದಲ ಕಾನ್ ಚಿತ್ರೋತ್ಸವದಲ್ಲಿಯೇ ಅತ್ಯುನ್ನತ ಪ್ರಶಸ್ತಿಯನ್ನು ಹಂಚಿಕೊಂಡ ಚೇತನ್ ಆನಂದ್ ಅವರ ‘ನೀಚಾ ನಗರ್’ (1946) ಚಿತ್ರದಲ್ಲಿ, ಎತ್ತರದಲ್ಲಿ ನೆಲೆಸಿರುವ ಸಿರಿವಂತನು ಊರಿನ ಚರಂಡಿಯನ್ನು ತಗ್ಗಿನ ಬಡವರ ಕೇರಿಗೆ ತಿರುಗಿಸುತ್ತಾನೆ. ಕೇರಿಯಲ್ಲಿ ಹಬ್ಬುವ ರೋಗಕ್ಕೆ ಅಲ್ಲಿ ಹಣೆಬರಹ ಕಾರಣವಾಗುವುದಿಲ್ಲ. ಖ್ವಾಜಾ ಅಹ್ಮದ್ ಅಬ್ಬಾಸ್ ಅವರ ‘ಶಹರ್ ಔರ್ ಸಪ್ನಾ’ (1963) ಮನೆ ಸಿಗದೆ ದೊಡ್ಡ ಪೈಪಿನೊಳಗೆ ಸಂಸಾರ ಹೂಡಿದ ದಂಪತಿಯ ಕಥೆ ಹೇಳಿ ರಾಷ್ಟ್ರಪತಿಗಳ ಚಿನ್ನದ ಪದಕ ಪಡೆಯಿತು.

ಚಿತ್ರ ಮತ್ತು ಕಾನೂನು ಒಂದೇ ಬೀದಿಗೆ ಬಂದು ನಿಂತದ್ದು 1981ರಲ್ಲಿ. ಜಯವಂತ ದಳವಿ ಅವರ ಮರಾಠಿ ಕಾದಂಬರಿಯನ್ನು ಆಧರಿಸಿ ರವೀಂದ್ರ ಧರ್ಮರಾಜ್ ನಿರ್ದೇಶಿಸಿದ ‘ಚಕ್ರ’ ಆ ವರ್ಷ ಲೊಕಾರ್ನೊ ಚಿತ್ರೋತ್ಸವದಲ್ಲಿ ಚಿನ್ನದ ಚಿರತೆ ಪ್ರಶಸ್ತಿ ಗಳಿಸಿತು. ಜೋಪಡಿಯ ತಾಯಿಯಾಗಿ ನಟಿಸಿದ ಸ್ಮಿತಾ ಪಾಟೀಲ್ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಆದರೆ ಪ್ರಚಾರದ ಭಿತ್ತಿಚಿತ್ರಗಳಲ್ಲಿ ರಾರಾಜಿಸಿದ್ದು ಆಕೆ ಬಯಲಿನಲ್ಲಿ ಸ್ನಾನ ಮಾಡುವ ದೃಶ್ಯ. ಬಚ್ಚಲಿಲ್ಲದ ಹೆಣ್ಣಿನ ಕಷ್ಟವೇ ಟಿಕೆಟ್ ಮಾರುವ ಸಾಧನವಾದದ್ದು ನೋವಿನ ಸಂಗತಿ. ಚಿತ್ರದ ಕೊನೆಯಲ್ಲಿ ಗುಡಿಸಲುಗಳ ಮೇಲೆ ಬುಲ್ಡೋಜರ್ ಹರಿಯುತ್ತದೆ. ಅದೇ 1981ರ ಜುಲೈನಲ್ಲಿ, ಸುರಿಯುವ ಮಳೆಯ ನಡುವೆ, ಮುಂಬಯಿಯ ಪಾದಚಾರಿ ಮಾರ್ಗಗಳಲ್ಲಿ ವಾಸವಿದ್ದವರನ್ನು ತೆರವುಗೊಳಿಸಿ ಅವರವರ ಊರಿಗೆ ಕಳುಹಿಸಲು ಸರ್ಕಾರ ನಿರ್ಧರಿಸಿತು. ಪತ್ರಕರ್ತೆ ಓಲ್ಗಾ ಟೆಲ್ಲಿಸ್ ಮತ್ತು ಅಲ್ಲಿನ ನಿವಾಸಿಗಳು ಸುಪ್ರೀಂ ಕೋರ್ಟಿಗೆ ಹೋದರು. ಬದುಕುವ ಹಕ್ಕಿನಲ್ಲಿ ಜೀವನೋಪಾಯದ ಹಕ್ಕೂ ಸೇರಿದೆ ಎಂದು ಐವರು ನ್ಯಾಯಮೂರ್ತಿಗಳ ಪೀಠ 1985ರ ಜುಲೈನಲ್ಲಿ ಹೇಳಿತು. ಅದು ದೊಡ್ಡ ಮಾತು. ಆದರೂ ತೆರವನ್ನು ಅದು ತಡೆಯಲಿಲ್ಲ. ಅಕ್ಟೋಬರ್ 31ರವರೆಗೆ, ಅಂದರೆ ಮಳೆಗಾಲ ಕಳೆಯುವವರೆಗೆ, ಮುಂದೂಡಿತು. ಬಡವರಿಗೆ ನೆಲ ದಕ್ಕಲಿಲ್ಲ, ದಕ್ಕಿದ್ದು ಮುಖ್ಯವಾಗಿ ನೋಟಿಸು ಪಡೆಯುವ ಹಕ್ಕು. ಆನಂದ್ ಪಟವರ್ಧನ್ ಅವರ ಸಾಕ್ಷ್ಯಚಿತ್ರ ‘ಹಮಾರಾ ಶಹರ್’ ಈ ತೆರವುಗಳನ್ನು ಕಣ್ಣಾರೆ ಕಂಡು ದಾಖಲಿಸಿದೆ.

ನಂತರದ ನಾಲ್ಕು ದಶಕಗಳಲ್ಲಿ ಕಥೆಯ ದಿಕ್ಕು ಬದಲಾಯಿತು. ಸುಧೀರ್ ಮಿಶ್ರಾ ಅವರ ‘ಧಾರಾವಿ’ಯ ಟ್ಯಾಕ್ಸಿ ಚಾಲಕನಿಗೆ ಸ್ವಂತ ಕಾರ್ಖಾನೆಯ ಆಸೆ, ‘ಗಲ್ಲಿ ಬಾಯ್’ (2019) ಚಿತ್ರದ ಹುಡುಗನಿಗೆ ಹಾಡಿನ ಆಸೆ. ಮೊದಲನೆಯವನು ಸೋಲುತ್ತಾನೆ, ಎರಡನೆಯವನು ಗೆಲ್ಲುತ್ತಾನೆ. ಒಬ್ಬನು ಪಾರಾಗುವ ಕಥೆ ಪ್ರೇಕ್ಷಕನಿಗೆ ಹಿತವಾಗಿರುತ್ತದೆ, ಉಳಿದ ಕೇರಿಯ ಬಗ್ಗೆ ಏನನ್ನೂ ಕೇಳುವುದಿಲ್ಲ.

ಬೆಂಗಳೂರಿನವರಿಗೆ ಇದು ದೂರದ ವಿಷಯವಲ್ಲ. ಕರ್ನಾಟಕದಲ್ಲಿ ಕೊಳಚೆ ಪ್ರದೇಶಗಳ ಕಾಯಿದೆ ಬಂದದ್ದು 1973ರಲ್ಲಿ. ಸರ್ಕಾರ ಕೊಳೆಗೇರಿಯೆಂದು ಘೋಷಿಸಿದ ಜಾಗಕ್ಕೆ ಮಾತ್ರ ಅದರ ರಕ್ಷಣೆ ದೊರೆಯುತ್ತದೆ. ಈಜಿಪುರದಲ್ಲಿ ಬಡವರಿಗೆಂದು ಕಟ್ಟಿದ್ದ ವಸತಿಗೃಹಗಳು ಶಿಥಿಲವಾಗಿ ಕುಸಿದ ಮೇಲೆ ತಗಡಿನ ಶೆಡ್ಡುಗಳಲ್ಲಿ ವರ್ಷಗಟ್ಟಲೆ ಕಳೆದ ಕುಟುಂಬಗಳನ್ನು 2013ರ ಜನವರಿಯಲ್ಲಿ ಎಬ್ಬಿಸಲಾಯಿತು. ರಾಯಚೂರು, ಕಲಬುರಗಿ, ಯಾದಗಿರಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದು, ಖಾಲಿ ನಿವೇಶನಗಳಲ್ಲಿ ನೀಲಿ ಟಾರ್ಪಾಲಿನ ಕೆಳಗೆ ಬದುಕುವವರ ಎಷ್ಟೋ ನೆಲೆಗಳು ಇಂದಿಗೂ ಅಘೋಷಿತವಾಗಿಯೇ ಉಳಿದಿವೆ. ಇವರನ್ನು ಕುರಿತು ಚಿತ್ರ ಮಾಡುವವರು ‘ಚಕ್ರ’ ನಿಲ್ಲಿಸಿದ ಜಾಗದಿಂದ ಕಥೆ ಎತ್ತಿಕೊಳ್ಳಬೇಕು: ಬುಲ್ಡೋಜರ್ ಬಂದ ಮರುದಿನ ಆ ಕುಟುಂಬಗಳು ಎಲ್ಲಿಗೆ ಹೋದವು, ಮಕ್ಕಳ ಶಾಲೆ ಏನಾಯಿತು, ತೆರವಾದ ನೆಲದ ಮೇಲೆ ಏನು ಎದ್ದು ನಿಂತಿತು?