ರಿಯಾಕ್ಟ್ ಬರುತ್ತದೆ, ಜಾಂಗೊ ಬರುತ್ತದೆ. ಎರಡನ್ನೂ ಕೂಡಿಸುವುದು ಹೇಗೆ?

ಪ್ರಶ್ನೆ: ಕಾಲೇಜಿನಲ್ಲಿ ಪರದೆ ಕಟ್ಟುವ ರಿಯಾಕ್ಟ್ ಕಲಿತೆ. ಸರ್ವರ್ ಕೆಲಸಕ್ಕೆ ಬಳಸುವ ಜಾಂಗೊ ನಾನೇ ಕಲಿತುಕೊಂಡೆ. ಡೇಟಾಬೇಸ್ ಪರೀಕ್ಷೆಗೆ ಓದಿದ್ದೇನೆ. ಒಂದೊಂದೂ ಬಿಡಿಬಿಡಿಯಾಗಿ ಸರಿಯಾಗಿ ಓಡುತ್ತದೆ. ಆದರೆ ಎಲ್ಲವನ್ನೂ ಸೇರಿಸಿ ಅಪ್ಪನ ಟೊಮೆಟೊ ಮಂಡಿಗೆ ಒಂದು ಲೆಕ್ಕದ ಅಪ್ಲಿಕೇಶನ್ ಮಾಡೋಣವೆಂದು ಕುಳಿತರೆ ಕೈಯೇ ಓಡುವುದಿಲ್ಲ. ಎಲ್ಲಿಂದ ಶುರು ಮಾಡಲಿ?
– ಎಂಜಿನಿಯರಿಂಗ್ ವಿದ್ಯಾರ್ಥಿನಿ, ಕೋಲಾರ

ಒಂದೇ ಒಂದು ಚೀಟಿಯಿಂದ ಶುರು ಮಾಡಿ.

ಕೋಲಾರದ ಎಪಿಎಂಸಿಯಲ್ಲಿ ವ್ಯವಹಾರ ಹೇಗೆ ನಡೆಯುತ್ತದೆ ಎಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ರೈತ ಹಣ್ಣು ತರುತ್ತಾನೆ, 15 ಕೆ.ಜಿ. ಬಾಕ್ಸಿನ ಲೆಕ್ಕದಲ್ಲಿ ಹರಾಜಾಗುತ್ತದೆ, ಹೆಸರು, ಬಾಕ್ಸು, ಬೆಲೆ ಬರೆದ ಚೀಟಿ ಅವನ ಕೈಗೆ ಬರುತ್ತದೆ. ಮೊದಲು ಆ ಮೂರೇ ಖಾನೆಗಳ ಒಂದು ಪರದೆ ಮಾಡಿ. 'ಉಳಿಸು' ಒತ್ತಿದರೆ ಮಾಹಿತಿ ಜಾಂಗೊಗೆ ಹೋಗಬೇಕು, ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ ಒಂದು ಸಾಲಾಗಿ ಕೂರಬೇಕು, ಅಲ್ಲಿಂದ ಮರಳಿ ಪರದೆಯ ಮೇಲೆ ಕಾಣಬೇಕು. ಲಾಗಿನ್ ಬೇಡ, ಬಣ್ಣ ಬೇಡ, ವರದಿ ಬೇಡ. ನಾನು ನೋಡಿದ ಬಹಳಷ್ಟು ಪ್ರಾಜೆಕ್ಟ್‌ಗಳಲ್ಲಿ ಮೊದಲ ತಿಂಗಳು ಇಪ್ಪತ್ತು ಟೇಬಲ್‌ಗಳ ಡೇಟಾಬೇಸ್ ಮುಗಿಯುತ್ತದೆ, ಎರಡನೆಯ ತಿಂಗಳು ಸರ್ವರ್, ಮೂರನೆಯ ತಿಂಗಳು ಪರದೆ. ಜೋಡಿಸುವ ಕೆಲಸ ಕೊನೆಯ ವಾರಕ್ಕೆ ಉಳಿಯುತ್ತದೆ. ಕಷ್ಟವೆಲ್ಲ ಇರುವುದೇ ಜೋಡಣೆಯಲ್ಲಿ. ಅದನ್ನು ಮೊದಲ ದಿನವೇ ಎದುರಿಸಬೇಕು.

ಯಾವ ಫ್ರೇಮ್‌ವರ್ಕ್ (ಅಪ್ಲಿಕೇಶನ್ ಕಟ್ಟುವ ಸಿದ್ಧ ಚೌಕಟ್ಟು) ಒಳ್ಳೆಯದು ಎಂಬ ಚರ್ಚೆಗೆ ಹೆಚ್ಚು ಸಮಯ ಕೊಡಬೇಡಿ. ಜಾಂಗೊ 2005ರಿಂದ ಇದೆ, ರಿಯಾಕ್ಟ್ 2013ರಿಂದ, ಜಾವಾದ ಸ್ಪ್ರಿಂಗ್ ಬೂಟ್ 2014ರಿಂದ. ಎಲ್ಲವೂ ಪಳಗಿದವು. ನಿಮಗೆ ಬರುವುದನ್ನೇ ಬಳಸಿ. ಬರಿಯ ಫಾರ್ಮ್ ಮತ್ತು ಪಟ್ಟಿ ಸಾಕೆಂದಾದರೆ ಪುಟಗಳನ್ನೂ ಜಾಂಗೊ ತಾನೇ ಕೊಡಬಲ್ಲದು, ರಿಯಾಕ್ಟ್ ಅಗತ್ಯವೇ ಇಲ್ಲ. ಎರಡೂ ಬೇಕೆಂದೇ ನಿಶ್ಚಯಿಸಿದ್ದರೆ ಮುಂದೆ ಓದಿ.

ಮೊದಲ ಪೆಟ್ಟು ಬ್ರೌಸರ್‌ನಿಂದ ಬೀಳುತ್ತದೆ. ವೀಟ್ ಎಂಬ ಸಾಧನದಿಂದ ಓಡಿಸಿದ ರಿಯಾಕ್ಟ್ ಪುಟ ಸಾಮಾನ್ಯವಾಗಿ ಯಂತ್ರದ 5173ನೇ ಪೋರ್ಟ್‌ನಲ್ಲಿ (ಸಂಖ್ಯೆ ಹೊತ್ತ ಬಾಗಿಲಿನಲ್ಲಿ) ಇರುತ್ತದೆ, ಜಾಂಗೊ 8000ದಲ್ಲಿ. ಯಂತ್ರ ಒಂದೇ ಆದರೂ ಪೋರ್ಟ್ ಬೇರೆಯಾದರೆ ಬ್ರೌಸರ್‌ನ ಕಣ್ಣಿಗೆ ಅವು ಬೇರೆ ಬೇರೆ ತಾಣಗಳು. ಒಂದು ತಾಣದ ಪುಟ ಇನ್ನೊಂದರ ಉತ್ತರವನ್ನು ಓದಲು ಆ ಇನ್ನೊಂದರ ಒಪ್ಪಿಗೆ ಬೇಕು. ಬ್ರೌಸರ್‌ನಲ್ಲಿ ಕಾರ್ಸ್ (CORS) ದೋಷದ ಕೆಂಪು ಸಾಲು ಬರುವುದು ಇದಕ್ಕೇ. ಅದನ್ನು ಕಂಡು ಜಾಂಗೊ ಕೋಡನ್ನು ಅಳಿಸಿ ಬರೆದವರನ್ನು ಬಲ್ಲೆ. ಅಳಿಸುವುದು ಬೇಡ. ಅಭಿವೃದ್ಧಿಯ ಹಂತದಲ್ಲಿ ಪುಟದ ಕೋರಿಕೆಯನ್ನು ಜಾಂಗೊಗೆ ದಾಟಿಸುವ ವೀಟ್‌ನ ಪ್ರಾಕ್ಸಿ ಬಳಸಿ, ಇಲ್ಲವೇ ಜಾಂಗೊದಲ್ಲಿ ನಿಮ್ಮ ಪುಟದ ವಿಳಾಸವೊಂದಕ್ಕೆ ಮಾತ್ರ ಒಪ್ಪಿಗೆ ಕೊಡಿ.

ಎರಡನೆಯದು ಸದ್ದಿಲ್ಲದೆ ಬರುತ್ತದೆ, ಆದ್ದರಿಂದ ಹೆಚ್ಚು ಅಪಾಯಕಾರಿ. ವಿದ್ಯಾರ್ಥಿಯೊಬ್ಬರ ಪರದೆಯಲ್ಲಿ ದಿನದ ಒಟ್ಟು ಮೊತ್ತ '8500.006000.00' ಎಂದಿತ್ತು. ಜಾಂಗೊದಿಂದ ಪರದೆಗೆ ಮಾಹಿತಿ ಕಳಿಸಲು ಬಳಸುವ ಜಾಂಗೊ ರೆಸ್ಟ್ ಫ್ರೇಮ್‌ವರ್ಕ್ ದಶಮಾಂಶದ ಹಣವನ್ನು ತಾನಾಗಿ ಪಠ್ಯವನ್ನಾಗಿ ಮಾಡಿ ಕಳಿಸುತ್ತದೆ. ಅದಕ್ಕೆ ಕಾರಣವೂ ಇದೆ: ಬ್ರೌಸರ್‌ನಲ್ಲಿ ಓಡುವ ಭಾಷೆಯಾದ ಜಾವಾಸ್ಕ್ರಿಪ್ಟ್‌ನಲ್ಲಿ 0.1ಕ್ಕೆ 0.2 ಕೂಡಿಸಿದರೆ 0.30000000000000004 ಬರುತ್ತದೆ, ಹಣದ ಲೆಕ್ಕಕ್ಕೆ ಅದು ಆಗದು. ಆದರೆ ಜಾವಾಸ್ಕ್ರಿಪ್ಟ್‌ನಲ್ಲಿ ಪಠ್ಯಕ್ಕೆ ಪಠ್ಯ ಕೂಡಿಸಿದರೆ ಒಂದರ ಪಕ್ಕ ಒಂದು ಅಂಟಿಕೊಳ್ಳುತ್ತವೆ. ಗುಣಾಕಾರ ಮಾತ್ರ ಸರಿಯಾಗಿಯೇ ಬರುತ್ತದೆ! ಹೀಗಾಗಿ ಒಂದು ಚೀಟಿಯ ಮೊತ್ತ ಸರಿ, ಎರಡು ಚೀಟಿ ಕೂಡಿಸಿದಾಗ ತಪ್ಪು. ನನ್ನ ನಿಯಮ ಇಷ್ಟೇ: ಹಣದ ಲೆಕ್ಕವೆಲ್ಲ ಸರ್ವರ್‌ನಲ್ಲಿ, ಪರದೆ ಅದನ್ನು ತೋರಿಸುತ್ತದೆ ಅಷ್ಟೇ. 2023ರ ಜುಲೈನಲ್ಲಿ ಬಾಕ್ಸ್ ಒಂದಕ್ಕೆ 2,000 ರೂಪಾಯಿ ದಾಟಿದ ಮಾರುಕಟ್ಟೆ ಇದು. ಅಲ್ಲಿ ಲೆಕ್ಕ ತಪ್ಪಿದರೆ ರೈತನ ತಿಂಗಳುಗಟ್ಟಲೆ ದುಡಿಮೆಗೆ ಪೆಟ್ಟು.

ದಿನಾಂಕವೂ ಹೀಗೆಯೇ ಕೈಕೊಡುತ್ತದೆ. ಹೊಸ ಜಾಂಗೊ ಪ್ರಾಜೆಕ್ಟ್‌ನ ಸಮಯವಲಯ ಯುಟಿಸಿ (ಜಾಗತಿಕ ಪ್ರಮಾಣ ಸಮಯ) ಆಗಿರುತ್ತದೆ, ನಾವು ಅದಕ್ಕಿಂತ ಐದೂವರೆ ಗಂಟೆ ಮುಂದೆ. ಬೆಳಗಿನ ಜಾವ ಐದಕ್ಕೆ ಲಾರಿ ಬಂದಾಗ ಬರೆದ ಚೀಟಿ ಹಿಂದಿನ ದಿನದ ಪಟ್ಟಿಗೆ ಸೇರುತ್ತದೆ. ನೀವು ಮಧ್ಯಾಹ್ನ ಕುಳಿತು ಪರೀಕ್ಷಿಸಿದರೆ ಇದು ಎಂದಿಗೂ ಕಾಣುವುದಿಲ್ಲ. ಸಂಗ್ರಹ ಯುಟಿಸಿಯಲ್ಲೇ ಇರಲಿ, 'ಇವತ್ತು' ಎಂದರೆ ಯಾವುದು ಎಂಬುದನ್ನು ಏಷ್ಯಾ/ಕೋಲ್ಕತ್ತಾ ಸಮಯವಲಯದಲ್ಲಿ ತೀರ್ಮಾನಿಸಿ.

ಇನ್ನು ನಾನು ಎಲ್ಲಕ್ಕಿಂತ ಹೆಚ್ಚು ಯೋಚಿಸುವ ವಿಷಯ. ಮಂಡಿಯ ಗದ್ದಲದಲ್ಲಿ ನಿಮ್ಮ ತಂದೆ 'ಉಳಿಸು' ಒತ್ತುತ್ತಾರೆ. ಚೀಟಿ ಸರ್ವರ್ ತಲುಪಿ ದಾಖಲಾಗುತ್ತದೆ, ಅಷ್ಟರಲ್ಲಿ ನೆಟ್‌ವರ್ಕ್ ಹೋಗುತ್ತದೆ, ಉತ್ತರ ಮರಳಿ ಬರುವುದಿಲ್ಲ. ಉಳಿದಿದೆಯೋ ಇಲ್ಲವೋ ಮೊಬೈಲ್‌ಗೆ ತಿಳಿಯದು. ಅವರು ಮತ್ತೆ ಒತ್ತುತ್ತಾರೆ. ಒಬ್ಬನೇ ರೈತನಿಗೆ ಎರಡು ಚೀಟಿ! ಗುಂಡಿಯನ್ನು ತಾತ್ಕಾಲಿಕವಾಗಿ ನಿಷ್ಕ್ರಿಯಗೊಳಿಸಿದರೆ ಇದು ಬಗೆಹರಿಯುವುದಿಲ್ಲ. ಹೊಸ ಚೀಟಿ ತೆರೆದ ಕ್ಷಣದಲ್ಲೇ ಮೊಬೈಲ್ ಅದಕ್ಕೊಂದು ಯುಯುಐಡಿ (ಬೇರೆ ಯಾವುದಕ್ಕೂ ಬಾರದ ಉದ್ದನೆಯ ಸಂಕೇತ) ಗುರುತು ಕೊಡಬೇಕು, ಮತ್ತೆ ಕಳಿಸುವಾಗಲೂ ಅದೇ ಗುರುತು ಹೋಗಬೇಕು. ಡೇಟಾಬೇಸ್‌ನಲ್ಲಿ ಆ ಗುರುತಿನ ಕಾಲಂಗೆ ಯೂನಿಕ್ ನಿರ್ಬಂಧ (ಒಂದೇ ಗುರುತು ಎರಡು ಸಲ ಸೇರಬಾರದು ಎಂಬ ನಿಯಮ) ಹಾಕಿ. ಎರಡನೆಯ ಬಾರಿ ಬಂದಾಗ ಸರ್ವರ್ ಹೊಸದನ್ನು ಸೃಷ್ಟಿಸದೆ ಹಳೆಯ ಚೀಟಿಯನ್ನೇ ಉತ್ತರವಾಗಿ ಕೊಡಲಿ. ಪರದೆ, ಸರ್ವರ್, ಡೇಟಾಬೇಸ್ ಮೂರೂ ಒಂದೇ ಮಾತಿಗೆ ಬದ್ಧವಾಗಿರುವುದನ್ನು ನೀವು ಕಣ್ಣಾರೆ ನೋಡುವುದು ಇಲ್ಲಿ. ರೈತನ ಖಾತೆಗೂ ಮೊತ್ತ ಸೇರಿಸುವ ಹಂತ ಬಂದಾಗ ಚೀಟಿ ಮತ್ತು ಖಾತೆ ಎರಡನ್ನೂ ಒಂದೇ ಟ್ರಾನ್ಸಾಕ್ಷನ್ ಒಳಗಿಡಿ. ಒಂದು ಬರೆದು ಇನ್ನೊಂದು ಬಿಟ್ಟುಹೋಗಬಾರದು.

ಇಷ್ಟು ಕೆಲಸ ಲ್ಯಾಪ್‌ಟಾಪ್‌ನಲ್ಲಿ ನಡೆದ ಕೂಡಲೇ, ಎರಡನೆಯ ಪರದೆಗೆ ಕೈ ಹಾಕುವ ಮೊದಲೇ, ಅದನ್ನು ಹೊರಗಿನ ಸರ್ವರ್‌ಗೆ ಏರಿಸಿ. ಮುಂಜಾನೆ ಹಣ್ಣು ಬರುವ ಹೊತ್ತಿಗೆ ಮಂಡಿಗೆ ಹೋಗಿ, ಅಪ್ಪನ ಕೈಗೆ ಮೊಬೈಲ್ ಕೊಟ್ಟು ಸುಮ್ಮನೆ ಪಕ್ಕದಲ್ಲಿ ನಿಂತುಕೊಳ್ಳಿ. ಕಾಗದದ ಚೀಟಿಯೂ ನಡೆಯುತ್ತಿರಲಿ. ಸಂಜೆ ಎರಡನ್ನೂ ತಾಳೆ ಹಾಕಿ, ಎಲ್ಲಿ ವ್ಯತ್ಯಾಸ ಬಂತೆಂದು ನನಗೆ ಬರೆಯಿರಿ.