ಫೋನಿಗೆ ಬಂದದ್ದರಲ್ಲಿ ‘ವಹಿವಾಟು’ ಎಷ್ಟು?

‘ಯುಪಿಐ ಟ್ಯಾಕ್ಸ್’ ಎಂಬ ತೆರಿಗೆಯೇ ಇಲ್ಲ. ಆದರೂ 2025ರ ಜುಲೈನಿಂದ ಹುಬ್ಬಳ್ಳಿಯಲ್ಲಿ ಈ ಮಾತು ಕೇಳಿ ಕೇಳಿ ಸಾಕಾಗಿದೆ. ಆಗ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತ್ತು. ಜಿಎಸ್‌ಟಿ ಬೀಳುವುದು ಮಾರಾಟಕ್ಕೆ. ದುಡ್ಡು ಯಾವ ದಾರಿಯಲ್ಲಿ ಬಂತು ಅಂತ ಅದು ನೋಡುವುದಿಲ್ಲ.

ಜಮೆ, ವಹಿವಾಟು, ಆದಾಯ ಮೂರನ್ನೂ ಜನ ಒಂದೇ ಅರ್ಥದಲ್ಲಿ ಬಳಸುತ್ತಾರೆ. ಎಲ್ಲ ಎಡವಟ್ಟೂ ಅಲ್ಲಿಂದಲೇ. ಖಾತೆಗೆ ಬಿದ್ದದ್ದೆಲ್ಲ ಜಮೆ. ವ್ಯಾಪಾರದಿಂದ ಬಂದದ್ದು ವಹಿವಾಟು. ಖರ್ಚು ಕಳೆದು ಉಳಿದದ್ದು ಆದಾಯ.

ದುರ್ಗದ ಬೈಲಿನಲ್ಲಿ ಗಿರ್ಮಿಟ್, ಮಿರ್ಚಿ ಮಾರುವವರನ್ನೇ ತಗೊಳ್ಳಿ. ಮಗ ಬೆಂಗಳೂರಿಂದ ಕಳಿಸಿದ್ದು, ಗೆಳೆಯ ತೀರಿಸಿದ ಕೈಗಡ, ಎಲ್ಲ ಅದೇ ಫೋನಿಗೆ ಬರುತ್ತದೆ. ಇವು ವಹಿವಾಟಿಗೆ ಸೇರುವುದಿಲ್ಲ. ಗಿರಾಕಿ ಕೈಯಲ್ಲಿಟ್ಟ ನೋಟು ಮಾತ್ರ ಖಾತೆಗೆ ಬರದಿದ್ದರೂ ಸೇರುತ್ತದೆ. ಹಾಗಿದ್ದಮೇಲೆ ‘ಯುಪಿಐ ಇಲ್ಲ, ನಗದು ಮಾತ್ರ’ ಅಂತ ಬೋರ್ಡ್ ಹಾಕಿ ಏನು ಉಪಯೋಗ? ವಹಿವಾಟು ಒಂದು ರೂಪಾಯಿಯೂ ಇಳಿಯುವುದಿಲ್ಲ.

ಜಿಎಸ್‌ಟಿ ನೋಂದಣಿಗೆ ವರ್ಷದ ಮಿತಿ ಸರಕು ಮಾರುವವರಿಗೆ 40 ಲಕ್ಷ, ಸೇವೆಗೆ 20 ಲಕ್ಷ. ತಿಂಡಿ ಮಾಡಿ ಕೊಡುವುದು ಸೇವೆಯ ಲೆಕ್ಕಕ್ಕೆ ಬರುತ್ತದೆ. 20 ಲಕ್ಷ ಅಂದರೆ ದಿನಕ್ಕೆ ಸುಮಾರು 5,500 ರೂಪಾಯಿ, ಅಷ್ಟೇ. ಚುರುಮುರಿ, ಎಣ್ಣೆ, ಗ್ಯಾಸಿನ ಖರ್ಚು ಕಳೆಯುವ ಹಾಗಿಲ್ಲ. ‘ನನಗೆಲ್ಲಿ ಅಷ್ಟು ಉಳೀತದರೀ’ ಅನ್ನುವುದು ನಿಜವೇ ಇರಬಹುದು, ಆದರೆ ಈ ಮಿತಿಗೆ ಅದು ಉತ್ತರವಲ್ಲ.

ಹಾವೇರಿಯಲ್ಲಿ ತರಕಾರಿ ಮಾರುವವರಿಗೂ ನೋಟಿಸ್ ಹೋಗಿತ್ತು. ತಾಜಾ ತರಕಾರಿಗೆ ಜಿಎಸ್‌ಟಿ ಇಲ್ಲ. ಬರೀ ತೆರಿಗೆಯಿಲ್ಲದ ಸರಕು ಮಾರುವವರು ಎಷ್ಟೇ ವ್ಯಾಪಾರ ಮಾಡಲಿ, ನೋಂದಣಿ ಬೇಕಿಲ್ಲ. ಜತೆಗೆ ಬಿಸ್ಕಿಟ್, ಸೋಪು ಇಟ್ಟರೆ ಕತೆ ಬೇರೆ. ಮಿತಿ ದಾಟಿತೇ ಅಂತ ನೋಡುವಾಗ ತರಕಾರಿಯ ಮಾರಾಟವನ್ನೂ ಕೂಡಿಸುತ್ತಾರೆ. ತೆರಿಗೆ ಮಾತ್ರ ಬಿಸ್ಕಿಟ್, ಸೋಪಿನ ಮೇಲಷ್ಟೇ. ಇದನ್ನು ಅಂಗಡಿಯವರಿಗೆ ಯಾರೂ ಸರಿಯಾಗಿ ಹೇಳುವುದಿಲ್ಲ, ಸುಮ್ನೆ ಹೆದರಿಸುತ್ತಾರೆ.

ಆದಾಯ ತೆರಿಗೆ ಬೇರೆಯೇ ಲೆಕ್ಕ. ಅಲ್ಲಿ ಸಣ್ಣ ವ್ಯಾಪಾರಿಗೆ ಅಂದಾಜು ಲಾಭದ ಪದ್ಧತಿ ಇದೆ. ನಗದಾಗಿ ಬಂದ ವಹಿವಾಟಿನಲ್ಲಿ ಶೇಕಡಾ 8ನ್ನು ಲಾಭ ಅಂತ ತೋರಿಸಬೇಕು. ಯುಪಿಐ, ಬ್ಯಾಂಕ್ ಮೂಲಕ ಬಂದದ್ದಕ್ಕೆ ಶೇಕಡಾ 6 ಸಾಕು. ನಗದಿಗಿಂತ ಯುಪಿಐಗೇ ರಿಯಾಯಿತಿ ಜಾಸ್ತಿ ಅಂತಾಯಿತು, ಅಲ್ವಾ? ಅಂಗಡಿಗೆ ಒಂದು ಖಾತೆ, ಮನೆಗೆ ಇನ್ನೊಂದು ಇಟ್ಟುಕೊಂಡರೆ ಯಾವ ಜಮೆ ಯಾವುದರದ್ದು ಅಂತ ನೋಟಿಸಿಗೆ ಉತ್ತರ ಬರೆಯುವಾಗ ತೋರಿಸುವುದೂ ಸುಲಭ.